ಕರೆಯ ಖರ್ಚು, ಓಗೊಡುವ ಹೊಣೆ: ಜಾಲತಾಣದ ದೂರವಾಣಿಯ ಚರಿತ್ರೆ

೧. ಪೀಠಿಕೆ

ಟ್ರಂಕ್ ಕಾಲ್ ಎಂಬ ಮಾತು ಈಗಿನ ಎಳೆಯರಿಗೆ ಅಪರಿಚಿತ. ಊರು ಬಿಟ್ಟು ಮುಂಬಯಿ, ಪುಣೆ, ಮದರಾಸುಗಳಲ್ಲಿ ನೆಲೆಸಿದ ಕನ್ನಡಿಗರ ಹಿಂದಿನ ತಲೆಮಾರಿಗಾದರೋ ಆ ಮಾತಿನೊಡನೆ ಎದೆಬಡಿತವೂ ಸೇರಿಕೊಂಡಿತ್ತು. ಅಂಚೆ ಕಚೇರಿಗೆ ಹೋಗಿ, ಬೇಕಾದ ಊರನ್ನೂ ಸಂಖ್ಯೆಯನ್ನೂ ಬರೆಸಿ, ಗಂಟೆಗಟ್ಟಲೆ ಕಾದು, ಮೂರು ಮೂರು ನಿಮಿಷದ ಲೆಕ್ಕದಲ್ಲಿ ಮಾತನ್ನು ಕೊಳ್ಳಬೇಕಾಗಿತ್ತು. ಬೇಗ ಬೇಕೆಂದವರು ‘ಅರ್ಜೆಂಟ್’ ಕರೆಗೆ ಹೆಚ್ಚು ಹಣ ಕೊಡಬೇಕು. ‘ಲೈಟ್ನಿಂಗ್’ ಕರೆಗೆ ಇನ್ನೂ ಹಲವು ಪಟ್ಟು.

ಈ ವ್ಯವಸ್ಥೆಯೊಳಗೆ ‘ಪಿ.ಪಿ. ಕಾಲ್’ ಎಂಬ ಒಂದು ವಿಶೇಷ ಬಗೆಯೂ ಇತ್ತು. ಪರ್ಟಿಕ್ಯುಲರ್ ಪರ್ಸನ್, ಎಂದರೆ ಗೊತ್ತುಪಡಿಸಿದ ವ್ಯಕ್ತಿ. ಕರೆ ಬರೆಸುವಾಗಲೇ ಮಾತನಾಡಬೇಕಾದವರ ಹೆಸರನ್ನು ಹೇಳಿಬಿಡುವುದು. ಆ ವ್ಯಕ್ತಿ ದೂರವಾಣಿಯ ಬಳಿಗೆ ಬಂದ ಮೇಲೆಯೇ ಮಾತಿನ ಲೆಕ್ಕ ಪ್ರಾರಂಭ. ಅವರು ಸಿಗದೆ ಹೋದರೆ ಪೂರ್ಣ ಶುಲ್ಕವಿಲ್ಲ, ಅಲ್ಪ ಶುಲ್ಕ ಮಾತ್ರ. ಮುಂದೆ ಇದೇ ಎರಡಕ್ಷರ ಬೇರೊಂದು ಅರ್ಥವನ್ನೂ ಪಡೆಯಿತು. ಮನೆಯಲ್ಲಿ ದೂರವಾಣಿ ಇಲ್ಲದವರು ನೆರೆಮನೆಯ ಸಂಖ್ಯೆಯನ್ನು ತಮ್ಮ ಚೀಟಿಯಲ್ಲಿ ಬರೆದು, ಪಕ್ಕದಲ್ಲಿ ‘ಪಿ.ಪಿ.’ ಎಂದು ಸೂಚಿಸುವ ರೂಢಿ ಬೆಳೆಯಿತು. ಕರೆ ಬಂದರೆ ನೆರೆಯವರು ಕೂಗಿ ಕರೆಯುತ್ತಿದ್ದರು.

ಪಿ.ಪಿ. ಕರೆಯ ನಿಯಮದಲ್ಲಿ ದೂರವಾಣಿಯ ಅರ್ಥಶಾಸ್ತ್ರದ ಒಂದು ಮುಖ್ಯ ತತ್ತ್ವ ಅಡಗಿದೆ. ತಂತಿ ಸೇರಿತೆಂದ ಮಾತ್ರಕ್ಕೆ ಕರೆ ಆಯಿತೆಂದಲ್ಲ. ಕರೆಗೆ ತಕ್ಕವರು ಓಗೊಟ್ಟಾಗಲೇ ಅದು ಕರೆ. ಪ್ರತಿಯೊಂದು ಕರೆಯಲ್ಲಿಯೂ ಮೂರು ಬಗೆಯ ವೆಚ್ಚಗಳಿವೆ: ಸಾಧನದ ವೆಚ್ಚ, ಹಾದಿಯ ವೆಚ್ಚ, ಓಗೊಡುವವರ ವೆಚ್ಚ. ಈಗ ವ್ಯಾಪಾರಿಗಳೂ ಬ್ಯಾಂಕುಗಳೂ ಆಸ್ಪತ್ರೆಗಳೂ ತಮ್ಮ ಜಾಲತಾಣದಲ್ಲಿ ಒಂದು ಗುಂಡಿಯನ್ನಿಟ್ಟು, ಪುಟ ನೋಡಲು ಬಂದವರು ಅದನ್ನೊತ್ತಿದೊಡನೆ ಅಂತರಜಾಲದ ಮೂಲಕವೇ ಮಾತನಾಡುವಂತೆ ಮಾಡಬಲ್ಲರು. ಇದು ಹೇಗೆ ಸಾಧ್ಯವಾಯಿತು, ಈ ಮೂರು ವೆಚ್ಚಗಳಲ್ಲಿ ಯಾವುದು ಅಳಿಯಿತು, ಯಾವುದು ಉಳಿಯಿತು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಹಣ ತೆರುವವರು ಯಾರು?

ಭಾರತದಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ಕಲ್ಕತ್ತೆ, ಮುಂಬಯಿ ಮತ್ತು ಮದರಾಸುಗಳಲ್ಲಿ ೧೮೮೨ರ ಜನವರಿಯಲ್ಲಿ ಪ್ರಾರಂಭವಾದುವು. ಬೆಲ್ ತನ್ನ ಯಂತ್ರಕ್ಕೆ ಹಕ್ಕುಪತ್ರ ಪಡೆದು ಆಗ ಆರು ವರ್ಷವೂ ತುಂಬಿರಲಿಲ್ಲ. ಊರಿಂದ ಊರಿಗೆ ಚಂದಾದಾರರೇ ನೇರವಾಗಿ ಸಂಖ್ಯೆ ತಿರುಗಿಸುವ ಎಸ್.ಟಿ.ಡಿ. ವ್ಯವಸ್ಥೆ ಕಾನಪುರ, ಲಖನೌಗಳ ನಡುವೆ ೧೯೬೦ರಲ್ಲಿ ಬಂದಿತು. ಆದರೂ ಕರೆ ಮಾಡಿದವರೇ ಹಣ ತೆರಬೇಕೆಂಬ ಮೂಲ ನಿಯಮ ಬದಲಾಗಲಿಲ್ಲ. ವ್ಯಾಪಾರದ ದೃಷ್ಟಿಯಿಂದ ಈ ನಿಯಮ ವಿಚಿತ್ರವಾದದ್ದು. ಅಂಗಡಿಗೆ ಕಾಲಿಡುವ ಗಿರಾಕಿಯಿಂದ ಬಾಗಿಲಲ್ಲಿ ಸುಂಕ ವಸೂಲು ಮಾಡುವ ವರ್ತಕನಿಲ್ಲ. ಆದರೆ ದೂರವಾಣಿಯಲ್ಲಿ ಬೆಲೆ ವಿಚಾರಿಸುವ ಗಿರಾಕಿ ಅಂಥ ಸುಂಕವನ್ನೇ ಕೊಡುತ್ತಿದ್ದನು.

ಈ ಸುಂಕವನ್ನು ವರ್ತಕನ ಲೆಕ್ಕಕ್ಕೆ ವರ್ಗಾಯಿಸುವ ಏರ್ಪಾಡನ್ನು ಅಮೆರಿಕದ ಎ.ಟಿ. ಅಂಡ್ ಟಿ. ಸಂಸ್ಥೆ ೧೯೬೭ರಲ್ಲಿ ಜಾರಿಗೆ ತಂದಿತು. ೮೦೦ ಎಂಬ ಅಂಕೆಯಿಂದ ಮೊದಲಾಗುವ ಸಂಖ್ಯೆಗೆ ಯಾರು ಕರೆ ಮಾಡಿದರೂ ಶುಲ್ಕ ಸಂಖ್ಯೆಯ ಒಡೆಯನ ಮೇಲೆ ಬೀಳುತ್ತಿತ್ತು. ಭಾರತದಲ್ಲಿ ಬಳಕೆಯಲ್ಲಿರುವ ೧೮೦೦ರ ಸಂಖ್ಯೆಗಳು ಇದೇ ಮಾದರಿಯವು. ಇಲ್ಲಿ ಹಾದಿಯ ವೆಚ್ಚ ಅಳಿಯಲಿಲ್ಲ. ಒಂದು ಲೆಕ್ಕದಿಂದ ಇನ್ನೊಂದು ಲೆಕ್ಕಕ್ಕೆ ಹೋಯಿತು, ಅಷ್ಟೆ.

ಭಾರತದ ಜನಸಾಮಾನ್ಯರು ಈ ಸಮಸ್ಯೆಗೆ ತಮ್ಮದೇ ಆದ ಪರಿಹಾರವನ್ನು ಕಂಡುಕೊಂಡರು. ದೇಶದಲ್ಲಿ ಮೊಬೈಲ್ ದೂರವಾಣಿಯ ಮೊದಲ ಕರೆ ೧೯೯೫ರ ಜುಲೈ ೩೧ರಂದು ನಡೆದಾಗ, ಕರೆ ಮಾಡಿದವರಂತೆ ಸ್ವೀಕರಿಸಿದವರೂ ಹಣ ಕೊಡಬೇಕಾಗಿತ್ತು. ೨೦೦೩ರ ಮೇ ತಿಂಗಳಿನಿಂದ ಬರುವ ಕರೆಗಳು ಉಚಿತವಾದುವು. ಆಗ ವಿಸ್ತಾರವಾಗಿ ಬೆಳೆದದ್ದು ‘ಮಿಸ್ಡ್ ಕಾಲ್’ ಎಂಬ ಪದ್ಧತಿ. ಎರಡು ಸಲ ಗಂಟೆ ಬಾರಿಸಿ ಕರೆಯನ್ನು ತುಂಡರಿಸಿದರೆ ಕಾಸು ಖರ್ಚಾಗುವುದಿಲ್ಲ. ಹಣವುಳ್ಳವರು ತಿರುಗಿ ಕರೆಯುತ್ತಾರೆ. ಬಡವರ ಈ ಉಪಾಯವನ್ನೇ ವ್ಯಾಪಾರದ ಸಾಧನವಾಗಿ ಮಾಡಿದ ಜಿಪ್‌ಡಯಲ್ ಸಂಸ್ಥೆ ೨೦೧೦ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಕಂಪನಿಗಳು ಜಾಹೀರಾತಿನಲ್ಲಿ ಒಂದು ಸಂಖ್ಯೆಯನ್ನು ಅಚ್ಚು ಹಾಕಿಸುವುವು. ಜನ ಮಿಸ್ಡ್ ಕಾಲ್ ಕೊಡುವರು. ಮರುಕರೆಯೋ ಸಂದೇಶವೋ ಉಚಿತವಾಗಿ ಬರುವುದು. ೨೦೧೫ರ ಜನವರಿಯಲ್ಲಿ ಅಮೆರಿಕದ ಟ್ವಿಟರ್ ಸಂಸ್ಥೆ ಇದನ್ನು ಕೊಂಡುಕೊಂಡಿತು. ‘ನೀನು ಬಾಗಿಲು ತಟ್ಟು, ಖರ್ಚು ನನ್ನದು’ ಎಂದು ಗಿರಾಕಿಗೆ ಹೇಳಬೇಕೆಂಬ ವರ್ತಕನ ಬಯಕೆ ಹಳೆಯದು. ಜಾಲತಾಣದ ಗುಂಡಿ ಅದರ ಹೊಸ ರೂಪ.

೩. ಪೊಟ್ಟಣಗಳಲ್ಲಿ ಸಾಗಿದ ಧ್ವನಿ

ಹಳೆಯ ದೂರವಾಣಿಯಲ್ಲಿ ಇಬ್ಬರು ಮಾತನಾಡುವಷ್ಟು ಹೊತ್ತೂ ಅವರ ನಡುವಿನ ಒಂದು ಹಾದಿ ಅವರಿಗೇ ಮೀಸಲಾಗಿರುತ್ತಿತ್ತು. ಅವರು ಸುಮ್ಮನಿದ್ದರೂ ಹಾದಿ ಬೇರೆಯವರಿಗೆ ದೊರೆಯದು. ಕರೆಯ ಬೆಲೆ ಏರಿದ್ದುದಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು. ಅಮೆರಿಕದ ಅರ್ಪಾನೆಟ್ ಎಂಬ ಗಣಕಜಾಲ ೧೯೬೯ರಲ್ಲಿ ಬೇರೊಂದು ಕ್ರಮವನ್ನು ಅನುಸರಿಸಿತು. ಮಾಹಿತಿಯನ್ನು ಚಿಕ್ಕ ಪೊಟ್ಟಣಗಳಾಗಿ ಕಟ್ಟಿ, ಒಂದೊಂದರ ಮೇಲೂ ವಿಳಾಸ ಬರೆದು ಕಳುಹಿಸುವುದು. ಒಂದೇ ಹಾದಿಯಲ್ಲಿ ನೂರಾರು ಜನರ ಪೊಟ್ಟಣಗಳು ಬೆರೆತು ಸಾಗುವುದು. ಪತ್ರಗಳಿಗೂ ಅಂಕಿಅಂಶಗಳಿಗೂ ಇದು ಒಗ್ಗಿತು. ಆಡುತ್ತಿರುವ ಮಾತಿಗೆ ಒಗ್ಗೀತೆ?

ಒಗ್ಗುವುದೆಂದು ತೋರಿಸಿದವರಲ್ಲಿ ಡ್ಯಾನಿ ಕೊಹೆನ್ ಪ್ರಮುಖನು. ೧೯೭೪ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಮಾಹಿತಿವಿಜ್ಞಾನ ಸಂಸ್ಥೆಗೂ ಮ್ಯಾಸಚೂಸೆಟ್ಸಿನ ಲಿಂಕನ್ ಪ್ರಯೋಗಶಾಲೆಗೂ ನಡುವೆ ಅರ್ಪಾನೆಟ್ಟಿನ ಮೂಲಕ ಮಾತು ಹರಿಯಿತು. ಈ ಪ್ರಯೋಗಗಳಿಗಾಗಿ ರೂಪಿಸಿದ ಧ್ವನಿನಿಯಮಾವಳಿ ೧೯೭೭ರಲ್ಲಿ ಪ್ರಕಟವಾಯಿತು.

ಪ್ರಯೋಗದಿಂದ ದೊರೆತ ಪಾಠ ಧ್ವನಿಯ ಮಟ್ಟಿಗಷ್ಟೇ ನಿಲ್ಲಲಿಲ್ಲ. ಅಂತರಜಾಲದ ರಚನೆಯನ್ನೇ ಅದು ತಿದ್ದಿತು. ಪತ್ರದಲ್ಲಿ ಒಂದು ಪೊಟ್ಟಣ ಕಳೆದರೆ ಮತ್ತೆ ತರಿಸಿಕೊಳ್ಳಬೇಕು, ತಡವಾದರೂ ಚಿಂತೆಯಿಲ್ಲ. ಮಾತಿನಲ್ಲಿ ಹಾಗಲ್ಲ. ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಧ್ವನಿಯನ್ನು ಹೊತ್ತ ಪೊಟ್ಟಣವೊಂದು ದಾರಿ ತಪ್ಪಿ ತಡವಾಗಿ ಬಂದರೆ, ಪಂಕ್ತಿ ಮಜ್ಜಿಗೆಯನ್ನಕ್ಕೆ ಬಂದ ಮೇಲೆ ಸಾರು ತಂದು ಬಡಿಸಿದಂತಾಗುತ್ತದೆ. ಅದನ್ನು ಬಿಟ್ಟುಬಿಡುವುದೇ ಲೇಸು. ಆದುದರಿಂದ ಪೊಟ್ಟಣವನ್ನು ಸಾಗಿಸುವ ಕೆಲಸವನ್ನೂ, ಕಳೆದುದನ್ನು ತರಿಸುವ ಕೆಲಸವನ್ನೂ ಬೇರ್ಪಡಿಸಬೇಕೆಂದು ಕೊಹೆನ್ ವಾದಿಸಿದನು. ೧೯೭೮ರಲ್ಲಿ ಟಿ.ಸಿ.ಪಿ. ಎಂಬ ಒಂದೇ ನಿಯಮಾವಳಿಯಿಂದ ಐ.ಪಿ. ಬೇರೆಯಾಯಿತು, ೧೯೮೦ರಲ್ಲಿ, ಕಳೆದುದಕ್ಕೆ ಚಿಂತಿಸದ ಯು.ಡಿ.ಪಿ. ಎಂಬ ಸರಳ ವಿಧಾನ ಬಂದಿತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಧ್ವನಿ ಮುಟ್ಟಲು ಸೆಕೆಂಡಿನ ಸಾವಿರದ ೧೫೦ ಭಾಗಕ್ಕಿಂತ ಹೆಚ್ಚು ತಡವಾಗದಿದ್ದರೆ ಸಂಭಾಷಣೆ ಸಹಜವಾಗಿರುತ್ತದೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗಸೂಚಿ. ಆ ಮಿತಿಯೊಳಗೆ ಮಾತನ್ನು ಮುಟ್ಟಿಸುವುದೇ ಮುಂದಿನ ಇಪ್ಪತ್ತು ವರ್ಷಗಳ ಸಾಧನೆಯಾಯಿತು.

೪. ಒಡೆಯರ ಆತಂಕ, ಸರಕಾರಗಳ ತಡೆ

೧೯೯೫ರ ಫೆಬ್ರವರಿಯಲ್ಲಿ ಇಸ್ರೇಲಿನ ವೋಕಲ್‌ಟೆಕ್ ಸಂಸ್ಥೆ ‘ಇಂಟರ್‌ನೆಟ್ ಫೋನ್’ ಎಂಬ ತಂತ್ರಾಂಶವನ್ನು ಮಾರುಕಟ್ಟೆಗೆ ಬಿಟ್ಟಿತು. ಮನೆಯ ಗಣಕಕ್ಕೆ ಒಂದು ಮೈಕನ್ನೂ ಧ್ವನಿವರ್ಧಕವನ್ನೂ ಜೋಡಿಸಿದರೆ ಸಾಗರದಾಚೆಯ ಗಣಕದೊಡನೆ ಮಾತನಾಡಬಹುದು. ಮೊದಮೊದಲು ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತನಾಡಬೇಕಾಗಿತ್ತು. ಧ್ವನಿ ತುಂಡು ತುಂಡಾಗಿ ಕೇಳುತ್ತಿತ್ತು. ಆದರೂ ದೂರದ ಕರೆಗೆ ಪ್ರತ್ಯೇಕ ಶುಲ್ಕವಿರಲಿಲ್ಲ. ಒಂದು ವರ್ಷ ಕಳೆಯುವಷ್ಟರಲ್ಲಿ, ೧೯೯೬ರ ಮಾರ್ಚಿನಲ್ಲಿ, ಅಮೆರಿಕದ ಚಿಕ್ಕ ದೂರವಾಣಿ ಕಂಪನಿಗಳ ಒಂದು ಸಂಘ ಇಂಥ ತಂತ್ರಾಂಶದ ಮಾರಾಟವನ್ನು ತಡೆಯಬೇಕೆಂದು ಸಂಪರ್ಕ ಆಯೋಗಕ್ಕೆ ಅರ್ಜಿ ಸಲ್ಲಿಸಿತು. ತಡೆ ಬರಲಿಲ್ಲ, ಆದರೆ ಹಾದಿಯ ವೆಚ್ಚದಿಂದ ಬದುಕುತ್ತಿದ್ದವರ ಆತಂಕ ಬಯಲಾಯಿತು.

ಭಾರತದಲ್ಲಿ ಆತಂಕ ಇನ್ನೂ ಹೆಚ್ಚಿನದು. ವಿದೇಶ ಸಂಚಾರ ನಿಗಮವು ೧೯೯೫ರ ಆಗಸ್ಟ್ ೧೫ರಂದು ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆಯಿತು. ಅದೇ ನಿಗಮ ವಿದೇಶದ ಕರೆಗಳ ಏಕಸ್ವಾಮ್ಯವನ್ನೂ ಹೊಂದಿತ್ತು. ಒಂದು ಕೈಯಿಂದ ಕೊಟ್ಟ ಜಾಲವು ಇನ್ನೊಂದು ಕೈಯ ಆದಾಯವನ್ನು ತಿನ್ನುವ ಸಂಭವವಿದ್ದುದರಿಂದ ಜಾಲದ ಮೂಲಕ ಮಾತನಾಡುವುದಕ್ಕೆ ಅನುಮತಿಯಿರಲಿಲ್ಲ. ೧೯೯೯ರ ಹೊಸ ದೂರಸಂಪರ್ಕ ನೀತಿಯೂ ಅದನ್ನು ಒಪ್ಪಲಿಲ್ಲ. ೨೦೦೨ರ ಏಪ್ರಿಲ್ ೧ರಂದು ಬಾಗಿಲು ಅರ್ಧ ತೆರೆಯಿತು. ಗಣಕದಿಂದ ಗಣಕಕ್ಕೆ ಮಾತನಾಡಬಹುದು. ಗಣಕದಿಂದ ವಿದೇಶದ ದೂರವಾಣಿಗೂ ಮಾತನಾಡಬಹುದು. ಆದರೆ ಗಣಕದಿಂದ ಭಾರತದೊಳಗಿನ ಸಾಮಾನ್ಯ ದೂರವಾಣಿಗೆ ಮಾತನಾಡಕೂಡದು. ಇದರ ಫಲವಾಗಿ ಮುಂಬಯಿಯಲ್ಲಿ ಕುಳಿತವರು ತಮ್ಮ ಗಣಕದಿಂದ ನ್ಯೂಯಾರ್ಕಿನ ಅಂಗಡಿಯ ದೂರವಾಣಿಯನ್ನು ಮೊಳಗಿಸಬಹುದಾಗಿತ್ತು, ಹುಬ್ಬಳ್ಳಿಯ ಅಂಗಡಿಯದನ್ನು ಮೊಳಗಿಸುವಂತಿರಲಿಲ್ಲ.

ಈ ಅಸಂಗತ ಸ್ಥಿತಿ ಬಹುಕಾಲ ಉಳಿಯಿತು. ನಿಯಂತ್ರಣ ಪ್ರಾಧಿಕಾರ ೨೦೦೮ರಲ್ಲಿ ಒಮ್ಮೆ ಶಿಫಾರಸು ಮಾಡಿತು. ೨೦೧೭ರ ಅಕ್ಟೋಬರಿನಲ್ಲಿ ಮತ್ತೊಮ್ಮೆ ಮಾಡಿತು. ಪರವಾನಗಿ ಪಡೆದ ದೂರವಾಣಿ ಸಂಸ್ಥೆಗಳು ಅಂತರಜಾಲದ ಮೂಲಕ ಸಾಮಾನ್ಯ ಸಂಖ್ಯೆಗಳಿಗೂ ಕರೆ ಕಲ್ಪಿಸಬಹುದೆಂದು ಸ್ಪಷ್ಟವಾದುದು ೨೦೧೮ರಲ್ಲಿ. ಈ ನಡುವೆ ೨೦೧೪ರ ಡಿಸೆಂಬರಿನಲ್ಲಿ ಏರ್‌ಟೆಲ್ ಸಂಸ್ಥೆ ಅಂತರಜಾಲದ ಮಾತಿಗೆ ಪ್ರತ್ಯೇಕ ದರ ವಿಧಿಸುವುದಾಗಿ ಪ್ರಕಟಿಸಿ, ಜನರ ವಿರೋಧದಿಂದ ಹಿಂದೆಗೆಯಿತು. ಆಗ ಎದ್ದ ಚರ್ಚೆ ಮುಂದುವರಿದು, ೨೦೧೬ರ ಫೆಬ್ರವರಿಯಲ್ಲಿ, ಸಾಗುವ ವಿಷಯವನ್ನು ನೋಡಿ ಬೇರೆ ಬೇರೆ ದರ ಹಾಕಕೂಡದೆಂಬ ಪ್ರಾಧಿಕಾರದ ಆಜ್ಞೆಯಾಗಿ ಪರಿಣಮಿಸಿತು. ಪೊಟ್ಟಣದೊಳಗೆ ಪತ್ರವಿರಲಿ ಧ್ವನಿಯಿರಲಿ, ಹಾದಿಗೆ ಅದು ಪೊಟ್ಟಣವೇ ಎಂಬ ತತ್ತ್ವಕ್ಕೆ ಭಾರತದಲ್ಲಿ ಹೀಗೆ ಕಾನೂನಿನ ಬೆಂಬಲ ದೊರೆಯಿತು.

೫. ಪುಟದ ಮೇಲೆ ಒಂದು ಗುಂಡಿ

ಜಾಲಪುಟಕ್ಕೂ ದೂರವಾಣಿಗೂ ನಂಟು ಕಟ್ಟುವ ಪ್ರಯತ್ನ ಬೇರೊಂದು ದಿಕ್ಕಿನಿಂದ ಆರಂಭವಾಯಿತು. ಪುಟದಲ್ಲಿ ಸಂಖ್ಯೆಯನ್ನು ಕಂಡು, ಅದನ್ನು ಕಾಗದದಲ್ಲಿ ಗುರುತು ಹಾಕಿಕೊಂಡು, ಎದ್ದು ಹೋಗಿ ದೂರವಾಣಿಯಲ್ಲಿ ಒತ್ತುವಷ್ಟರಲ್ಲಿ ಎಷ್ಟೋ ಗಿರಾಕಿಗಳ ಮನಸ್ಸು ಬದಲಾಗುತ್ತದೆ. ೧೯೯೮ರಿಂದ ೨೦೦೦ದವರೆಗೆ ಅಂತರಜಾಲದ ನಿಯಮಕರ್ತರ ಒಂದು ಮಂಡಲಿ ‘ಪಿಂಟ್’ ಎಂಬ ವಿಧಾನವನ್ನು ರೂಪಿಸಿತು. ಪುಟದ ಗುಂಡಿಯನ್ನೊತ್ತಿದರೆ ಕೋರಿಕೆ ಮಾತ್ರ ಜಾಲದ ಮೂಲಕ ಹೋಗುವುದು. ದೂರವಾಣಿ ಸಂಸ್ಥೆ ಗಿರಾಕಿಯನ್ನೂ ವರ್ತಕನನ್ನೂ ಸಾಮಾನ್ಯ ತಂತಿಯಲ್ಲಿ ಜೋಡಿಸುವುದು. ೨೦೦೦ದ ಏಪ್ರಿಲಿನಲ್ಲಿ ಪುಟದ ಕೊಂಡಿಯೊಳಗೇ ದೂರವಾಣಿ ಸಂಖ್ಯೆಯನ್ನು ಬರೆಯುವ ಕ್ರಮವೂ ಪ್ರಕಟವಾಯಿತು. ಕೈಯಲ್ಲಿರುವ ಮೊಬೈಲಿನಲ್ಲಿ ಅಂಗಡಿಯ ಸಂಖ್ಯೆಯನ್ನು ಮುಟ್ಟಿದೊಡನೆ ಕರೆ ಹೋಗುವುದಕ್ಕೆ ಆ ಕ್ರಮವೇ ಆಧಾರ.

ಧ್ವನಿಯೂ ಜಾಲದಲ್ಲೇ ಸಾಗಬೇಕೆಂಬ ಆಸೆಯನ್ನು ಜನಪ್ರಿಯಗೊಳಿಸಿದ್ದು ಸ್ಕೈಪ್. ಸ್ವೀಡನ್ನಿನ ನಿಕ್ಲಾಸ್ ಜೆನ್‌ಸ್ಟ್ರಾಮ್, ಡೆನ್ಮಾರ್ಕಿನ ಯಾನುಸ್ ಫ್ರೀಸ್ ಇವರು ಎಸ್ಟೋನಿಯದ ತಂತ್ರಜ್ಞರ ನೆರವಿನಿಂದ ಅದನ್ನು ೨೦೦೩ರ ಆಗಸ್ಟಿನಲ್ಲಿ ಹೊರತಂದರು. ವಿದೇಶದಲ್ಲಿರುವ ಮಕ್ಕಳೂ ಊರಿನ ತಂದೆತಾಯಂದಿರೂ ಖರ್ಚಿನ ಭಯವಿಲ್ಲದೆ ಮಾತನಾಡಿದ್ದು ಹೆಚ್ಚಾಗಿ ಇದರಿಂದಲೇ. ‘ಸ್ಕೈಪ್ ಮಿ’ ಎಂಬ ಗುಂಡಿಯನ್ನು ಯಾರಾದರೂ ತಮ್ಮ ಪುಟದಲ್ಲಿಡಬಹುದಾಗಿತ್ತು. ನೋಡಲು ಬಂದವರ ಗಣಕದಲ್ಲಿಯೂ ಅದೇ ತಂತ್ರಾಂಶವಿದ್ದರೆ ಒತ್ತಿದೊಡನೆ ಮಾತು ಪ್ರಾರಂಭ.

ಈ ಚರಿತ್ರೆಯ ಅತ್ಯಂತ ಬೋಧಪ್ರದವಾದ ಅಧ್ಯಾಯ ಇಲ್ಲಿಂದ ಮುಂದಿನದು. ೨೦೦೫ರ ಸೆಪ್ಟೆಂಬರಿನಲ್ಲಿ ಅಂತರಜಾಲದ ಹರಾಜುಕಟ್ಟೆಯಾದ ಈಬೇ ಸಂಸ್ಥೆ ಸ್ಕೈಪನ್ನು ಸುಮಾರು ೨೬೦ ಕೋಟಿ ಡಾಲರುಗಳಿಗೆ ಕೊಳ್ಳುವುದಾಗಿ ಸಾರಿತು. ಮುಂದೆ ಗುರಿ ಮುಟ್ಟಿದರೆ ಇನ್ನಷ್ಟು ಹಣ ಕೊಡುವ ಕರಾರೂ ಇತ್ತು. ಸಂಸ್ಥೆ ಕೊಟ್ಟ ಕಾರಣ ಸರಳವಾಗಿತ್ತು. ಹಳೆಯ ಕಾರು, ಯಂತ್ರ, ಜಮೀನು ಮೊದಲಾದ ಬೆಲೆಬಾಳುವ ಸರಕನ್ನು ಕೊಳ್ಳುವವರಿಗೆ ಸಂದೇಹಗಳಿರುತ್ತವೆ. ಮಾರುವವರೊಡನೆ ನೇರವಾಗಿ ಮಾತನಾಡುವಂತಾದರೆ ವ್ಯಾಪಾರ ಬೇಗ ಕುದುರುತ್ತದೆ. ೨೦೦೬ರಲ್ಲಿ ಕೆಲವು ವರ್ಗಗಳ ಸರಕಿನ ಪುಟಗಳಲ್ಲಿ ಗುಂಡಿಗಳು ಕಾಣಿಸಿಕೊಂಡುವು.

ನಿರೀಕ್ಷಿಸಿದಂತೆ ಗಂಟೆ ಮೊಳಗಲಿಲ್ಲ. ೨೦೦೭ರ ಅಕ್ಟೋಬರಿನಲ್ಲಿ ಈಬೇ ತನ್ನ ಲೆಕ್ಕಪುಸ್ತಕದಲ್ಲಿ ಈ ಖರೀದಿಯ ಬಾಬತ್ತು ಸುಮಾರು ೧೪೦ ಕೋಟಿ ಡಾಲರುಗಳ ಹೊರೆಯನ್ನು ತೋರಿಸಬೇಕಾಯಿತು. ೨೦೦೯ರಲ್ಲಿ ಬಹುಪಾಲು ಒಡೆತನವನ್ನು ಮಾರಿತು. ೨೦೧೧ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಸ್ಕೈಪನ್ನು ೮೫೦ ಕೋಟಿ ಡಾಲರುಗಳಿಗೆ ಕೊಂಡಾಗ, ಉಳಿಸಿಕೊಂಡಿದ್ದ ಪಾಲಿನಿಂದ ಈಬೇಗೂ ಲಾಭ ಸಂದಿತೆಂಬುದು ನಿಜ. ಆದರೆ ಆ ಲಾಭ ಬಂದದ್ದು ಸ್ಕೈಪಿನ ಷೇರಿನಿಂದಲೇ ಹೊರತು ಹರಾಜುಕಟ್ಟೆಯ ಮಾತುಕತೆಯಿಂದಲ್ಲ. ಸ್ಕೈಪ್ ಸಹ ೨೦೨೫ರ ಮೇ ೫ರಂದು ಮುಚ್ಚಿಹೋಯಿತು.

ಗುಂಡಿ ಸೋತದ್ದೇಕೆ? ಸಾಧನ ಉಚಿತವಾಗಿತ್ತು, ಹಾದಿಯೂ ಉಚಿತ, ಧ್ವನಿ ಚೆನ್ನಾಗಿತ್ತು. ಉಳಿದದ್ದು ಮೂರನೆಯ ವೆಚ್ಚ. ನೂರು ಸರಕನ್ನು ಹರಾಜಿಗಿಟ್ಟ ಒಬ್ಬ ಮಾರಾಟಗಾರ ನೂರು ಜನರ ಪ್ರಶ್ನೆಗೆ ಬಾಯಿಮಾತಿನಲ್ಲಿ ಉತ್ತರ ಹೇಳುತ್ತ ಕುಳಿತರೆ ಸರಕನ್ನು ಕಟ್ಟಿ ಕಳುಹಿಸುವವರಾರು? ಬರಹದ ಉತ್ತರವನ್ನು ಬಿಡುವಿದ್ದಾಗ ಕೊಡಬಹುದು. ಒಮ್ಮೆ ಬರೆದುದನ್ನು ಎಲ್ಲರೂ ಓದಬಹುದು. ತಕರಾರು ಬಂದರೆ ಅದೇ ಸಾಕ್ಷಿ. ಕೊಳ್ಳುವವನಿಗೂ ಅಪರಿಚಿತನ ಕಿವಿಗೆ ತನ್ನ ಧ್ವನಿಯನ್ನೊಪ್ಪಿಸುವ ತವಕವಿರಲಿಲ್ಲ. ಹತ್ತಿರದವರಿಗೆ ಮಾತು ಹಿತ, ಹೊರಗಿನವರೊಡನೆ ವ್ಯವಹಾರಕ್ಕೆ ಬರಹ ಹಿತ ಎಂಬ ಹಳೆಯ ವಿವೇಕವನ್ನು ೨೬೦ ಕೋಟಿ ಡಾಲರುಗಳು ಅಳಿಸಲಾರದೆ ಹೋದುವು.

೬. ತಂತ್ರಾಂಶವಿಲ್ಲದ ದೂರವಾಣಿ

ಸ್ಕೈಪಿನ ಗುಂಡಿಗೆ ಇನ್ನೊಂದು ಮಿತಿಯೂ ಇತ್ತು: ಎರಡೂ ಕಡೆ ಆ ತಂತ್ರಾಂಶ ಇರಲೇಬೇಕು. ಈ ಮಿತಿಯನ್ನು ಕಳೆದದ್ದು ವೆಬ್‌ಆರ್‌ಟಿಸಿ ಎಂಬ ವ್ಯವಸ್ಥೆ. ಗೂಗಲ್ ಸಂಸ್ಥೆ ಧ್ವನಿ ಸಂಸ್ಕರಣೆಯಲ್ಲಿ ಹೆಸರಾದ ಒಂದು ಕಂಪನಿಯನ್ನು ೨೦೧೦ರಲ್ಲಿ ಕೊಂಡು, ಅದರ ತಂತ್ರವನ್ನು ೨೦೧೧ರಲ್ಲಿ ಎಲ್ಲರ ಬಳಕೆಗೂ ಬಿಟ್ಟುಕೊಟ್ಟಿತು. ೨೦೧೩ರ ಫೆಬ್ರವರಿಯಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎಂಬ ಎರಡು ಬೇರೆ ಬೇರೆ ಬ್ರೌಸರುಗಳು ಪರಸ್ಪರ ಮಾತನಾಡಿದುವು. ೨೦೨೧ರ ಜನವರಿಯಲ್ಲಿ ಇದು ಜಾಗತಿಕ ಮಾನಕವಾಗಿ ಅಂಗೀಕಾರ ಪಡೆಯಿತು.

ಇದರ ಕೆಲಸದ ಕ್ರಮವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಪುಟದ ಗುಂಡಿಯನ್ನು ಒತ್ತಿದಾಗ ಬ್ರೌಸರು ಮೈಕನ್ನು ಬಳಸಲು ಅಪ್ಪಣೆ ಕೇಳುತ್ತದೆ. ಒಪ್ಪದಿದ್ದರೆ ಒಂದಕ್ಷರವೂ ಹೊರಗೆ ಹೋಗದು. ಅಪ್ಪಣೆ ದೊರೆತ ಮೇಲೆ ಎರಡೂ ಕಡೆಯ ಯಂತ್ರಗಳು ತಮ್ಮ ವಿಳಾಸಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ಮನೆಯ ಜಾಲದೊಳಗಿನ ಯಂತ್ರಕ್ಕೆ ತನ್ನ ಹೊರವಿಳಾಸ ತಿಳಿದಿರುವುದಿಲ್ಲ; ಅದನ್ನು ತಿಳಿಸುವುದಕ್ಕೆ ಒಂದು ಸಹಾಯಕ ಯಂತ್ರ, ನೇರ ಹಾದಿ ಸಿಗದಿದ್ದರೆ ನಡುವೆ ನಿಂತು ಪೊಟ್ಟಣಗಳನ್ನು ದಾಟಿಸುವುದಕ್ಕೆ ಇನ್ನೊಂದು. ಸಾಗುವ ಧ್ವನಿ ಕಡ್ಡಾಯವಾಗಿ ಗೂಢಲಿಪಿಯಲ್ಲಿರುತ್ತದೆ. ಗಿರಾಕಿಗೆ ಇದಾವುದೂ ಕಾಣುವುದಿಲ್ಲ; ಅವನಿಗೆ ಸಂಖ್ಯೆ ಬೇಡ, ತಂತ್ರಾಂಶ ಬೇಡ, ಪ್ರತ್ಯೇಕ ಖಾತೆಯೂ ಬೇಡ.

ಧ್ವನಿಯ ಗುಣದಲ್ಲಿ ಆದ ಲಾಭವನ್ನು ಕನ್ನಡಿಗರು ವಿಶೇಷವಾಗಿ ಗಮನಿಸಬೇಕು. ಹಳೆಯ ದೂರವಾಣಿ ಸೆಕೆಂಡಿಗೆ ಸುಮಾರು ೩೦೦ರಿಂದ ೩,೪೦೦ ಕಂಪನಗಳವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತಿತ್ತು. ಸಕಾರದ ಸೀತ್ಕಾರದ ಬಹುಭಾಗ ಇದಕ್ಕೂ ಮೇಲಿನದು. ಆದಕಾರಣ ‘ಎಸ್’, ‘ಎಫ್’ ಅಕ್ಷರಗಳು ಒಂದೇ ಎಂಬಂತೆ ಕೇಳಿ, ಕಚೇರಿಯ ಗುಮಾಸ್ತರು ‘ಎಸ್ ಎಂದರೆ ಶುಗರ್, ಎಫ್ ಎಂದರೆ ಫಾದರ್’ ಎಂದು ಕೂಗಬೇಕಾಗುತ್ತಿತ್ತು. ೨೦೧೨ರಲ್ಲಿ ಮಾನಕವಾದ ‘ಓಪಸ್’ ಎಂಬ ಧ್ವನಿಸಂಕೇತ ಮನುಷ್ಯನ ಕಿವಿಗೆ ಕೇಳುವ ಹೆಚ್ಚುಕಡಿಮೆ ಎಲ್ಲ ಕಂಪನಗಳನ್ನೂ ಸಾಗಿಸಬಲ್ಲದು. ಸ, ಶ, ಷಗಳ ಭೇದವನ್ನು ದೂರವಾಣಿಯಲ್ಲಿ ಕೇಳುವ ಅವಕಾಶ ಹೀಗೆ ಬಂದಿದೆ.

೭. ಓಗೊಡುವವರ ಲೆಕ್ಕ

ಸಾಧನ ಸುಲಭವಾಗಿ, ಹಾದಿ ಬಹುಮಟ್ಟಿಗೆ ಉಚಿತವಾದ ಮೇಲೆ ಉಳಿದ ಪ್ರಶ್ನೆ ಒಂದೇ: ಕರೆಗೆ ಓಗೊಡುವವರೆಷ್ಟು ಜನ? ಇದರ ಗಣಿತ ಹೊಸತಲ್ಲ. ಕೋಪನ್‌ಹೇಗನ್ ದೂರವಾಣಿ ಕಂಪನಿಯಲ್ಲಿ ಕೆಲಸದಲ್ಲಿದ್ದ ಡೆನ್ಮಾರ್ಕಿನ ಗಣಿತಜ್ಞ ಆಗ್ನರ್ ಕ್ರಾರುಪ್ ಎರ್ಲಾಂಗ್ ೧೯೦೯ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಅದು ಆರಂಭವಾಗುತ್ತದೆ. ಗಂಟೆಗೆ ಅರುವತ್ತು ಕರೆ ಬಂದು, ಒಂದೊಂದೂ ಐದು ನಿಮಿಷ ಹಿಡಿದರೆ, ಒಟ್ಟು ಮುನ್ನೂರು ನಿಮಿಷಗಳ ಮಾತು. ಐದು ಜನ ಬಿಡುವಿಲ್ಲದೆ ಮಾಡುವ ಕೆಲಸ. ಹಾಗಾದರೆ ಐದು ಜನರನ್ನು ನೇಮಿಸಿದರೆ ಸಾಕೆ? ಸಾಲದು. ಕರೆಗಳು ಸಾಲಾಗಿ ಬರುವುದಿಲ್ಲ, ಗುಂಪಾಗಿ ಬರುತ್ತವೆ. ಐದೇ ಜನರಿದ್ದರೆ ಕಾಯುವವರ ಸಾಲು ಬೆಳೆಯುತ್ತಲೇ ಹೋಗುತ್ತದೆ. ಆದ್ದರಿಂದ ಕೆಲವರು ಕೆಲವು ಹೊತ್ತು ಕೈಕಟ್ಟಿ ಕುಳಿತಿರಲೇಬೇಕು. ಸಂಸ್ಥೆಗಳ ಲೆಕ್ಕಿಗರಿಗೆ ಈ ಬಿಡುವು ವ್ಯರ್ಥವೆಂದು ತೋರುತ್ತದೆ. ಅವರು ಅದನ್ನು ಕತ್ತರಿಸುತ್ತಾರೆ. ಹೀಗೆ ಉಳಿಸಿದ ಸಂಬಳವನ್ನು ಗಿರಾಕಿ ತನ್ನ ಕಾಯುವ ಸಮಯದ ರೂಪದಲ್ಲಿ ತೆರುತ್ತಾನೆ. ಟ್ರಂಕ್ ಕಾಲಿನ ಕಾಲದಲ್ಲಿ ಹಾದಿಗಾಗಿ ಕಾಯುತ್ತಿದ್ದರು. ಈಗ ಮನುಷ್ಯನಿಗಾಗಿ ಕಾಯುತ್ತಾರೆ.

ಈ ವೆಚ್ಚವನ್ನು ಒಪ್ಪಿಕೊಂಡ ಕಡೆ ಜಾಲತಾಣದ ಮಾತು ಸಫಲವಾಗಿದೆ. ರಿಸರ್ವ್ ಬ್ಯಾಂಕು ೨೦೨೦ರ ಜನವರಿ ೯ರಂದು ಗಿರಾಕಿಗಳ ಗುರುತನ್ನು ವೀಡಿಯೊ ಕರೆಯ ಮೂಲಕ ಪರಿಶೀಲಿಸಲು ಅನುಮತಿ ನೀಡಿತು. ಕರೆಯ ಆಚೆ ಬದಿಯಲ್ಲಿ ಆ ಸಂಸ್ಥೆಯ ಅಧಿಕೃತ ಉದ್ಯೋಗಿಯೇ ಇರಬೇಕು; ಗಿರಾಕಿಯ ಸಮ್ಮತಿ ಬೇಕು; ಅವನು ಭಾರತದೊಳಗಿರುವುದು ಖಚಿತವಾಗಬೇಕು; ಸಂಭಾಷಣೆ ದಾಖಲಾಗಬೇಕು. ಅದೇ ವರ್ಷದ ಏಪ್ರಿಲಿನಲ್ಲಿ, ಸಾಂಕ್ರಾಮಿಕದ ನಡುವೆ, ಕೇಂದ್ರ ಸರಕಾರದ ಇ-ಸಂಜೀವಿನಿ ಸೇವೆ ರೋಗಿಗಳಿಗೆ ಮನೆಯಿಂದಲೇ ವೈದ್ಯರೊಡನೆ ಮಾತನಾಡುವ ಸೌಲಭ್ಯವನ್ನು ತೆರೆಯಿತು. ಕರ್ನಾಟಕವೂ ಅದನ್ನು ಬಳಸಿಕೊಂಡಿತು. ಈಬೇಯ ಗುಂಡಿಯ ಆಚೆ ಕಡೆ ಯಾರಿದ್ದಾರೆಂಬುದು ನಿಶ್ಚಯವಿರಲಿಲ್ಲ. ಇವೆರಡರಲ್ಲಿ ಅದು ನಿಶ್ಚಿತ: ಒಂದರಲ್ಲಿ ಬ್ಯಾಂಕಿನ ಅಧಿಕಾರಿ, ಇನ್ನೊಂದರಲ್ಲಿ ವೈದ್ಯ. ಪಿ.ಪಿ. ಕರೆಯ ನಿಯಮವೇ ಇಲ್ಲಿ ಮರಳಿ ಬಂದಂತಿದೆ.

ಓಗೊಡುವವರು ಯಾರೆಂದು ತಿಳಿಯದಿದ್ದರೆ ಆಗುವ ಕೇಡು ಸಣ್ಣದಲ್ಲ. ಬ್ಯಾಂಕಿನ ಸಹಾಯವಾಣಿಯ ಹೆಸರಿನಲ್ಲಿ ಸುಳ್ಳು ಸಂಖ್ಯೆಗಳನ್ನು ಜಾಲದಲ್ಲಿ ಹರಡಿ, ತಾವಾಗಿಯೇ ಕರೆ ಮಾಡಿದವರನ್ನು ದೋಚುವ ಜಾಲಗಳು ಬೆಳೆದುವು. ಪೋಲೀಸರ ವೇಷದಲ್ಲಿ ವೀಡಿಯೊ ಕರೆಯೊಳಗೆ ಕಾಣಿಸಿಕೊಂಡು, ‘ಡಿಜಿಟಲ್ ಬಂಧನ’ವೆಂದು ಬೆದರಿಸಿ, ವೃದ್ಧರ ಜೀವಮಾನದ ಉಳಿತಾಯವನ್ನು ಕಿತ್ತುಕೊಳ್ಳುವ ವಂಚನೆ ೨೦೨೪ರಲ್ಲಿ ಎಷ್ಟು ಹಬ್ಬಿತೆಂದರೆ, ಅಂಥ ಬಂಧನ ಕಾನೂನಿನಲ್ಲಿ ಇಲ್ಲವೆಂದು ಪ್ರಧಾನಮಂತ್ರಿಗಳೇ ಅಕ್ಟೋಬರಿನ ಬಾನುಲಿ ಭಾಷಣದಲ್ಲಿ ಎಚ್ಚರಿಸಬೇಕಾಯಿತು. ೨೦೨೫ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು, ವ್ಯವಹಾರ ಸಂಬಂಧವಾದ ಕರೆಗಳಿಗೆ ೧೬೦೦ರಿಂದ ಮೊದಲಾಗುವ ಸಂಖ್ಯೆಗಳನ್ನೇ ಬಳಸಬೇಕೆಂದು ಬ್ಯಾಂಕುಗಳಿಗೆ ಸೂಚಿಸಿತು. ಮರು ತಿಂಗಳು, ಬ್ಯಾಂಕುಗಳ ಜಾಲತಾಣಗಳಿಗೆಂದೇ ‘ಬ್ಯಾಂಕ್ ಡಾಟ್ ಇನ್’ ಎಂಬ ಮೀಸಲು ವಿಳಾಸವನ್ನು ಪ್ರಕಟಿಸಿತು. ಸಂಸ್ಥೆಯ ಸ್ವಂತ ತಾಣದೊಳಗಿನಿಂದಲೇ ಕರೆ ಹೊರಡುವ ಪದ್ಧತಿಯ ಮುಖ್ಯ ಪ್ರಯೋಜನವೂ ಇಲ್ಲಿದೆ. ಸಂಖ್ಯೆಯನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಬರೆದಿಡಬಹುದು. ತಾಣದ ವಿಳಾಸವನ್ನು ಸರಿಯಾಗಿ ನೋಡಿ ಒಳಹೊಕ್ಕವರಿಗೆ ಯಾರ ಬಾಗಿಲನ್ನು ತಟ್ಟುತ್ತಿದ್ದೇವೆಂಬುದು ತಿಳಿದಿರುತ್ತದೆ.

೮. ಕನ್ನಡದ ಪ್ರಶ್ನೆ

ಕೊನೆಯದಾಗಿ, ಭಾಷೆಯ ವಿಚಾರ. ಜಾಲತಾಣಗಳ ಅರ್ಜಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಕನ್ನಡವನ್ನು ಓದಬಲ್ಲ ಆದರೆ ಇಂಗ್ಲಿಷ್ ಬಾರದ ತಾಯಿಯೊಬ್ಬಳು ಮುಂಬಯಿಯ ಮಗನ ಮನೆಯಲ್ಲಿ ಕುಳಿತು ಊರಿನ ಪಿಂಚಣಿಯ ವಿಚಾರ ಕೇಳಬೇಕಾದರೆ ಆ ಪುಟ ಅವಳಿಗೆ ಮುಚ್ಚಿದ ಬಾಗಿಲು. ಅದರಲ್ಲೊಂದು ಮಾತಿನ ಗುಂಡಿಯಿದ್ದು, ಆಚೆ ಕಡೆ ಕನ್ನಡ ಬಲ್ಲವರಿದ್ದರೆ ಬಾಗಿಲು ತೆರೆಯುತ್ತದೆ. ಕನ್ನಡ ಬಲ್ಲ ಆ ಉದ್ಯೋಗಿ ಅದೇ ನಗರದಲ್ಲಿರಬೇಕಾದ ಅಗತ್ಯವೂ ಇಲ್ಲ. ಧಾರವಾಡದಲ್ಲಿಯೋ ಶಿವಮೊಗ್ಗದಲ್ಲಿಯೋ ಕುಳಿತು ದೆಹಲಿಯ ಕನ್ನಡಿಗನ ಕರೆಗೆ ಓಗೊಡಬಹುದು. ದೂರ ಅಳಿದುದರ ಈ ಲಾಭವನ್ನು ಹೊರನಾಡಿನ ಕನ್ನಡಿಗರು ಇನ್ನೂ ಗಟ್ಟಿಯಾಗಿ ಕೇಳಿ ಪಡೆಯಬೇಕಾಗಿದೆ. ಯಂತ್ರಗಳೇ ಉತ್ತರ ಹೇಳುವ ಪದ್ಧತಿ ಹರಡುತ್ತಿರುವಾಗ ಈ ಬೇಡಿಕೆಗೆ ಹೆಚ್ಚಿನ ತುರ್ತಿದೆ.

ನಗರಗಳ ಕನ್ನಡ ಸಂಘಗಳೂ ತಮ್ಮ ತಾಣಗಳಲ್ಲಿ ಇಂಥ ವ್ಯವಸ್ಥೆಯನ್ನು ಅಲ್ಪವೆಚ್ಚದಲ್ಲಿ ಇಡಬಲ್ಲವು. ಹೊಸದಾಗಿ ನಗರಕ್ಕೆ ಬಂದ ವಿದ್ಯಾರ್ಥಿ, ಆಸ್ಪತ್ರೆಗೆ ರೋಗಿಯನ್ನು ಕರೆತಂದ ಬಂಧು, ಬಾಡಿಗೆಗೆ ಕೋಣೆ ಹುಡುಕುವ ಉದ್ಯೋಗಿ ಇಂಥವರು ಮೊದಲು ಬಯಸುವುದು ಕನ್ನಡದ ಒಂದು ಧ್ವನಿಯನ್ನು. ಆದರೆ ಗುಂಡಿಯನ್ನಿಡುವ ಮುನ್ನ ಸಂಘಗಳು ನಿಶ್ಚಯಿಸಬೇಕಾದದ್ದು ಯಂತ್ರದ ವಿಷಯವನ್ನಲ್ಲ. ವಾರದ ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಯಾವ ಸದಸ್ಯರು ಓಗೊಡುವರು ಎಂಬ ಸರದಿ ಪಟ್ಟಿಯನ್ನು ಮೊದಲು ಬರೆಯಬೇಕು. ಆ ಹೊತ್ತನ್ನು ಪುಟದಲ್ಲಿ ಸ್ಪಷ್ಟವಾಗ ಅಚ್ಚು ಮಾಡಬೇಕು. ಉಳಿದ ಹೊತ್ತಿನಲ್ಲಿ ಗುಂಡಿಯನ್ನು ಮರೆಮಾಡುವುದು ಲೇಸು. ಓಗೊಡದ ಬಾಗಿಲಿಗಿಂತ ‘ಇಂದು ರಜೆ’ ಎಂಬ ಹಲಗೆ ಹೆಚ್ಚು ಮರ್ಯಾದೆಯದು.

ಟ್ರಂಕ್ ಕಾಲಿನ ಕಾಲದಲ್ಲಿ ಹಣವೂ ಹೋಗುತ್ತಿತ್ತು, ಹೊತ್ತೂ ಹೋಗುತ್ತಿತ್ತು, ಆದರೆ ಪಿ.ಪಿ. ಕರೆ ಬರೆಸುವವರನ್ನು ನಿರ್ವಾಹಕರು ‘ಯಾರು ಬೇಕು?’ ಎಂದು ಕೇಳುತ್ತಿದ್ದರು. ನೂರು ವರ್ಷಗಳಿಗೂ ಮೀರಿದ ಶ್ರಮದಿಂದ ಹಾದಿ ಈಗ ಸುಗಮವಾಗಿದೆ. ಆ ಪ್ರಶ್ನೆಗೆ ಒಂದು ಹೆಸರನ್ನು ಉತ್ತರವಾಗಿ ಕೊಡುವ ಹೊಣೆ ಗುಂಡಿಯನ್ನಿಟ್ಟವರ ಮೇಲಿದೆ.